ಎಡ ರೆಕ್ಕೆ ಇಟಲಿಯದು, ಬಲ ರೆಕ್ಕೆ ಸ್ಪೇನಿನದು

ಯೂರೋಫೈಟರ್ ಟೈಫೂನ್ ಯುದ್ಧವಿಮಾನದ ಎಡ ರೆಕ್ಕೆ ಇಟಲಿಯಲ್ಲಿ ತಯಾರಾಗುತ್ತದೆ, ಬಲ ರೆಕ್ಕೆ ಸ್ಪೇನಿನಲ್ಲಿ. ಮೂತಿ, ಪೈಲಟ್ ಕೂರುವ ಜಾಗ, ಅದರ ಇಕ್ಕೆಲದ ಪುಟ್ಟ ಮುಂರೆಕ್ಕೆಗಳು ಬ್ರಿಟನ್ನಿನಿಂದ ಬರುತ್ತವೆ. ನಡುವಿನ ಒಡಲು ಜರ್ಮನಿಯದು. ಹಿಂಭಾಗವನ್ನು ಬ್ರಿಟನ್ ಮತ್ತು ಇಟಲಿ ಹಂಚಿಕೊಂಡಿವೆ. ಇವೆಲ್ಲ ಕೊನೆಗೆ ಒಂದು ಕಾರ್ಖಾನೆಗೆ ಬಂದು ಸೇರುತ್ತವೆಯೇ ಎಂದರೆ ಅದೂ ಇಲ್ಲ. ಬ್ರಿಟನ್ನಿನ ವಾರ್ಟನ್, ಜರ್ಮನಿಯ ಮಾಂಚಿಂಗ್, ಇಟಲಿಯ ಟ್ಯೂರಿನ್ ಪಕ್ಕದ ಕಾಸೆಲ್ಲೆ, ಸ್ಪೇನಿನ ಹೆಟಾಫೆ ಹೀಗೆ ನಾಲ್ಕು ಊರುಗಳಲ್ಲಿ ನಾಲ್ಕು ಜೋಡಣಾ ಘಟಕಗಳಿವೆ. ನಾಲ್ಕೂ ದೇಶಗಳು ತಮ್ಮ ತಮ್ಮ ವಾಯುಪಡೆಯ ವಿಮಾನವನ್ನು ತಮ್ಮ ನೆಲದಲ್ಲೇ ಜೋಡಿಸಿಕೊಳ್ಳುತ್ತವೆ.

ಎರಡೂ ರೆಕ್ಕೆಗಳನ್ನು ಒಂದೇ ಕಡೆ ಮಾಡಿದರೆ ಖರ್ಚು ತಗ್ಗುತ್ತದೆ, ಕೆಲಸಗಾರರ ಕೈ ಬೇಗ ಪಳಗುತ್ತದೆ. ಎಂಜಿನಿಯರುಗಳಿಗೆ ಇದು ಗೊತ್ತಿಲ್ಲದ್ದಲ್ಲ. ಆದರೆ ರೆಕ್ಕೆ ಎಲ್ಲಿ ತಯಾರಾಗಬೇಕೆಂದು ತೀರ್ಮಾನಿಸಿದವರು ಎಂಜಿನಿಯರುಗಳಲ್ಲ. ಯಾವ ದೇಶ ಎಷ್ಟು ವಿಮಾನ ಕೊಳ್ಳುತ್ತದೋ ಅದರ ಕಾರ್ಖಾನೆಗಳಿಗೆ ಅಷ್ಟೇ ಪಾಲಿನ ಕೆಲಸ ಎಂಬುದು ಮೂಲ ಕರಾರು. ಆರಂಭದಲ್ಲಿ ಬ್ರಿಟನ್ ಮತ್ತು ಜರ್ಮನಿ ತಲಾ 250, ಇಟಲಿ 165, ಸ್ಪೇನ್ 100 ವಿಮಾನಗಳ ಲೆಕ್ಕ ಕೊಟ್ಟಿದ್ದವು. ಅದಕ್ಕೆ ತಕ್ಕಂತೆ ಕೆಲಸವೂ ಶೇ 33, 33, 21, 13 ಎಂದು ಹಂಚಿಕೆಯಾಯಿತು. ವಿಮಾನದ ನಕ್ಷೆಯಷ್ಟೇ ಗಂಭೀರವಾಗಿ ಈ ಪಾಲುಪಟ್ಟಿಯನ್ನೂ ರೂಪಿಸಲಾಗಿತ್ತು.

ಇಷ್ಟೆಲ್ಲ ತೊಡಕು ಮೈಮೇಲೆ ಎಳೆದುಕೊಂಡು ದೇಶಗಳು ಒಟ್ಟಾಗಿ ವಿಮಾನ ಕಟ್ಟುವುದೇಕೆ? ಕಾರಣ ದುಡ್ಡು. ಆಧುನಿಕ ಯುದ್ಧವಿಮಾನವೊಂದರ ವಿನ್ಯಾಸ, ಪರೀಕ್ಷೆ, ಪ್ರಮಾಣೀಕರಣಕ್ಕೆ ತಗಲುವ ವೆಚ್ಚವನ್ನು ಮಧ್ಯಮ ಗಾತ್ರದ ದೇಶವೊಂದು ಒಂಟಿಯಾಗಿ ಹೊರುವುದು ಕಷ್ಟ. ರಕ್ಷಣಾ ಅರ್ಥಶಾಸ್ತ್ರದಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿರುವ ಒಂದು ಅಂದಾಜು ಸೂತ್ರವಿದೆ. ಪಾಲುದಾರರ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ಒಟ್ಟು ವೆಚ್ಚ ಏರುತ್ತದೆ ಎಂಬುದು ಅದು. ಒಂದು ದೇಶ 100 ರೂಪಾಯಿಗೆ ಮುಗಿಸುವ ಅಭಿವೃದ್ಧಿ ಕೆಲಸಕ್ಕೆ ನಾಲ್ಕು ದೇಶ ಸೇರಿದರೆ 200 ರೂಪಾಯಿ ಬೇಕು, ಆದರೆ ತಲಾ ಬೀಳುವುದು 50. ಒಟ್ಟಾರೆ ನಷ್ಟ, ಒಬ್ಬೊಬ್ಬರಿಗೂ ಲಾಭ. ಜಗಳವಾಡಿ ಬೇರೆಯಾದ ಸರ್ಕಾರಗಳು ಹತ್ತು ವರ್ಷ ಕಳೆದು ಮತ್ತೆ ಅದೇ ಮೇಜಿಗೆ ಬಂದು ಕೂರುವುದು ಈ ಲೆಕ್ಕಾಚಾರದಿಂದಲೇ. ಎಲ್ಲರೂ ಕೊನೆಯವರೆಗೆ ಉಳಿದು, ಹೇಳಿದಷ್ಟು ವಿಮಾನಗಳನ್ನು ಕೊಂಡರೆ ಮಾತ್ರ ಈ ಲೆಕ್ಕ ಕೂಡಿಬರುತ್ತದೆ. ಹಾಗಾಗುವುದು ಅಪರೂಪ.

ಒಡೆದ ಬಳಗ

1983ರಲ್ಲಿ ಈ ಮೇಜಿನ ಸುತ್ತ ಐದು ದೇಶಗಳಿದ್ದವು. ಐದನೆಯದು ಫ್ರಾನ್ಸ್. ಎಲ್ಲರಿಗೂ 1990ರ ದಶಕಕ್ಕೊಂದು ಹೊಸ ವಿಮಾನ ಬೇಕಿತ್ತು, ಆದರೆ ಎಲ್ಲರಿಗೂ ಬೇಕಿದ್ದುದು ಒಂದೇ ಬಗೆಯ ವಿಮಾನವಲ್ಲ. ಬ್ರಿಟನ್ ಮತ್ತು ಜರ್ಮನಿಗೆ ಸೋವಿಯತ್ ವಿಮಾನಗಳನ್ನು ಆಗಸದಲ್ಲೇ ಎದುರಿಸಿ ತಡೆಯಬಲ್ಲ ವಿಮಾನ ಬೇಕಿತ್ತು. ಫ್ರಾನ್ಸಿಗೆ ನೆಲದ ಗುರಿಗಳ ಮೇಲೂ ಎರಗಬಲ್ಲ, ತುಸು ಹಗುರವಾದ, ವಿಮಾನವಾಹಕ ನೌಕೆಯ ಮೇಲೂ ಇಳಿಯಬಲ್ಲ ವಿಮಾನ ಬೇಕಿತ್ತು.

ನೌಕೆಯ ಮೇಲೆ ಇಳಿಯುವುದನ್ನು ಪಟ್ಟಿಗೆ ಸೇರಿಸಿದರೆ ವಿಮಾನದ ವಿನ್ಯಾಸವೇ ಬದಲಾಗುತ್ತದೆ. ಓಡುವ ಹಡಗಿನ ಪುಟ್ಟ ಡೆಕ್ ಮೇಲೆ ವಿಮಾನ ಹೆಚ್ಚುಕಡಿಮೆ ಅಪ್ಪಳಿಸಿದಂತೆಯೇ ಇಳಿಯುತ್ತದೆ. ಬಾಲದ ಬಳಿಯ ಕೊಕ್ಕೆ ಡೆಕ್ಕಿನ ಉಕ್ಕಿನ ಹಗ್ಗಕ್ಕೆ ಸಿಕ್ಕಿ, ನೂರು ಮೀಟರಿನ ಆಸುಪಾಸಿನಲ್ಲಿ ಅಷ್ಟೂ ವೇಗ ಇಲ್ಲವಾಗಬೇಕು. ಆ ಜಗ್ಗಾಟವನ್ನು ಚಕ್ರದ ಕಾಲುಗಳು, ಒಡಲಿನ ಚೌಕಟ್ಟು, ಎಂಜಿನ್ ಕೂರಿಸಿದ ಹಿಡಿಕೆಗಳು ಪ್ರತಿಸಲವೂ ತಾಳಿಕೊಳ್ಳಬೇಕು. ಇಳಿಯುವಾಗ ಮೂತಿ ಮೇಲೆದ್ದರೂ ಪೈಲಟ್‌ಗೆ ಡೆಕ್ ಕಾಣಬೇಕು. ಇವನ್ನೆಲ್ಲ ಮೊದಲ ಗೆರೆ ಎಳೆಯುವಾಗಲೇ ಯೋಚಿಸಬೇಕು, ಆಮೇಲೆ ಅಂಟಿಸಲು ಬರುವುದಿಲ್ಲ. ನೌಕೆಯ ಗೊಡವೆಯೇ ಇಲ್ಲದ ಜರ್ಮನಿ ಅದಕ್ಕಾಗಿ ಹಣ ಸುರಿಯಲು ಒಪ್ಪುವುದಾದರೂ ಹೇಗೆ? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಮಾತಿಗೆ ಇದಕ್ಕಿಂತ ಸರಿಯಾದ ನಿದರ್ಶನ ಸಿಗಲಾರದು.

ಇದರ ಜೊತೆಗೆ ಎಂಜಿನ್ ಮತ್ತು ಯಜಮಾನಿಕೆಯ ಪ್ರಶ್ನೆಗಳಿದ್ದವು. ಸ್ನೆಕ್ಮಾ ಕಂಪನಿ ರೂಪಿಸುತ್ತಿದ್ದ ಎಂ88 ಎಂಜಿನ್ನೇ ಬೇಕು, ವಿನ್ಯಾಸದ ಮುಂದಾಳತ್ವ ಡಸೋ ಕಂಪನಿಗೇ ಸಿಗಬೇಕು ಎಂದು ಫ್ರಾನ್ಸ್ ಪಟ್ಟು ಹಿಡಿಯಿತು. 1985ರ ಆಗಸ್ಟ್‌ನಲ್ಲಿ ಟ್ಯೂರಿನ್ ನಗರದಲ್ಲಿ ನಡೆದ ಸಭೆಯಲ್ಲಿ ಬ್ರಿಟನ್, ಜರ್ಮನಿ, ಇಟಲಿ ಫ್ರಾನ್ಸನ್ನು ಬಿಟ್ಟು ಮುಂದುವರಿಯಲು ನಿರ್ಧರಿಸಿದವು. ಮರುತಿಂಗಳು ಸ್ಪೇನ್ ಈ ಮೂವರ ಜೊತೆ ಸೇರಿತು.

ಮುಂದಾದದ್ದನ್ನು ನೋಡಿ. 1986ರ ಜುಲೈ 4ರಂದು ಫ್ರಾನ್ಸಿನ ಪ್ರಾಯೋಗಿಕ ವಿಮಾನ ರಫೇಲ್-ಎ ಹಾರಿತು. ಆಗಸ್ಟ್ 8ರಂದು ಬ್ರಿಟನ್ನಿನ ಪ್ರಾಯೋಗಿಕ ವಿಮಾನ ಇಎಪಿ ಹಾರಿತು, ಟೈಫೂನ್ ಬೆಳೆದದ್ದು ಅದರ ಅನುಭವದಿಂದ. ಎರಡಕ್ಕೂ ತ್ರಿಕೋನದ ರೆಕ್ಕೆ, ಮುಂದೆ ಪುಟ್ಟ ರೆಕ್ಕೆಗಳು, ಎರಡೆರಡು ಎಂಜಿನ್. ಒಂದೇ ಗಾಳಿಶಾಸ್ತ್ರವನ್ನು ಓದಿದವರು ಒಂದೇ ಉತ್ತರಕ್ಕೆ ಬಂದಿದ್ದರು. ಒಂದಾಗಲು ತಾಂತ್ರಿಕವಾಗಿ ಇಷ್ಟು ಹತ್ತಿರವಿದ್ದರೂ ಯುರೋಪು ಎರಡು ವಿಮಾನಗಳಿಗೆ ಎರಡು ಸಲ ದುಡ್ಡು ಹಾಕಿತು.

ಆ ಒಡಕಿನ ಫಲವನ್ನು ಬೆಂಗಳೂರಿನ ಆಗಸವೂ ಕಂಡಿದೆ. ನಮ್ಮ ವಾಯುಪಡೆ 126 ಬಹುಪಾತ್ರ ಯುದ್ಧವಿಮಾನಗಳ ಖರೀದಿಗಾಗಿ 2009-10ರಲ್ಲಿ ಆರು ವಿಮಾನಗಳನ್ನು ಒರೆಗೆ ಹಚ್ಚಿದಾಗ ಬೆಂಗಳೂರು, ಜೈಸಲ್ಮೇರ್, ಲೇಹ್‌ಗಳಲ್ಲಿ ಪರೀಕ್ಷೆ ನಡೆಯಿತು. 2011ರ ಏಪ್ರಿಲ್‌ನಲ್ಲಿ ಕಣದಲ್ಲಿ ಉಳಿದವು ಎರಡೇ, ರಫೇಲ್ ಮತ್ತು ಟೈಫೂನ್. ಕಾಲು ಶತಮಾನದ ಹಿಂದೆ ಒಂದೇ ವಿಮಾನವಾಗಬೇಕಿದ್ದ ಎರಡು ವಿಮಾನಗಳು ಭಾರತದ ಹಣಕ್ಕಾಗಿ ಎದುರುಬದುರಾಗಿದ್ದವು. ಗೆದ್ದದ್ದು ರಫೇಲ್.

ಆದೇಶ ಇಳಿಯಿತು, ಪಾಲಿನ ಪಟ್ಟು ಇಳಿಯಲಿಲ್ಲ

ಫ್ರಾನ್ಸ್ ಹೊರನಡೆದ ಮೇಲೂ ಉಳಿದ ನಾಲ್ವರ ಹಾದಿ ಸಲೀಸಾಗಿರಲಿಲ್ಲ. ಮೊದಲು ರಾಡಾರ್ ವಿಚಾರಕ್ಕೆ ಬ್ರಿಟನ್ ಮತ್ತು ಜರ್ಮನಿ ಜಟಾಪಟಿಗಿಳಿದವು. ಬ್ರಿಟನ್ನಿಗೆ ಫೆರಾಂಟಿ ಕಂಪನಿಯ ಹೊಸ ರಾಡಾರ್ ಬೇಕಿತ್ತು. ಜರ್ಮನಿಗೆ ಅಮೆರಿಕದ ಮೂಲದ, ಆಗಲೇ ಬಳಕೆಯಲ್ಲಿದ್ದ ತಂತ್ರಜ್ಞಾನದ ಮೇಲೆ ಕಟ್ಟಿದ ರಾಡಾರ್ ಸಾಕೆನಿಸಿತ್ತು. ಹೊಸದಕ್ಕೆ ಹಣ, ಸಮಯ ಎರಡೂ ಹೆಚ್ಚು. ಅಮೆರಿಕದ್ದನ್ನು ಹಾಕಿಕೊಂಡರೆ ನಾಳೆ ವಿಮಾನವನ್ನು ಯಾರಿಗೆ ಮಾರಬೇಕೆಂಬುದನ್ನು ವಾಷಿಂಗ್ಟನ್ ಹೇಳುತ್ತದೆ. ಈ ಹಗ್ಗಜಗ್ಗಾಟ 1990ರವರೆಗೆ ನಡೆದು ಕೊನೆಗೆ ಬ್ರಿಟನ್ನಿನ ಮಾತು ಉಳಿಯಿತು.

ಅಷ್ಟರಲ್ಲಿ ಬರ್ಲಿನ್ ಗೋಡೆ ಬಿದ್ದಿತ್ತು. ಯಾವ ಶತ್ರುವಿಗಾಗಿ ವಿಮಾನ ರೂಪುಗೊಳ್ಳುತ್ತಿತ್ತೋ ಆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಪೂರ್ವ ಜರ್ಮನಿಯ ಮಿಗ್-29 ವಿಮಾನಗಳು ಏಕೀಕೃತ ಜರ್ಮನಿಯ ಕೈಗೆ ಬಂದವು. ಪೂರ್ವದ ಪ್ರಾಂತಗಳನ್ನು ಎತ್ತಿ ನಿಲ್ಲಿಸಲು ಹಣ ಬೇಕಿದ್ದ ಕಾಲದಲ್ಲಿ ಇಷ್ಟು ದುಬಾರಿ ವಿಮಾನವೇಕೆಂದು ಜರ್ಮನಿಯ ಜನ ಕೇಳಿದರು. 1992ರಲ್ಲಿ ರಕ್ಷಣಾ ಸಚಿವ ಫೋಲ್ಕರ್ ರ‍್ಯೂಹೆ ಯೋಜನೆಯಿಂದ ಹೊರಬರಲು ಹೊರಟರು. ಆದರೆ ಒಪ್ಪಂದದಲ್ಲಿ ಬಿಟ್ಟುಹೋಗುವವರಿಗೆ ಭಾರಿ ದಂಡದ ಕರಾರಿತ್ತು. ಬಿಡುವುದಕ್ಕಿಂತ ಉಳಿಯುವುದೇ ಅಗ್ಗವಾಗಿ ಕಂಡಿತು. ಮುಂದೆ ಜರ್ಮನಿ ತನ್ನ ಆದೇಶವನ್ನು ಕಡಿತಗೊಳಿಸಿತು, ಆದರೆ ಹಳೆಯ ಸಂಖ್ಯೆಗೆ ಸಿಕ್ಕಿದ್ದ ಕೆಲಸದ ಪಾಲನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಅದರ ಚೌಕಾಸಿಗೆ ಮತ್ತಷ್ಟು ಕಾಲ ಹೋಯಿತು. ಕೊನೆಗೆ ಬ್ರಿಟನ್ 232, ಜರ್ಮನಿ 180, ಇಟಲಿ 121, ಸ್ಪೇನ್ 87 ಎಂದು ಒಟ್ಟು 620 ವಿಮಾನಗಳಿಗೆ ಮಾತು ನಿಂತಿತು. ಬ್ರಿಟನ್ನಿನ ಪಾಲು ಸುಮಾರು ಶೇ 37ಕ್ಕೆ ಏರಿ, ಜರ್ಮನಿಯದು ಸುಮಾರು 30ಕ್ಕೆ ಇಳಿಯಿತು. ವಿಮಾನ ಮೊದಲ ಬಾರಿ ಹಾರಿದ್ದು 1994ರ ಮಾರ್ಚ್ 27ರಂದು, ಸೇವೆಗೆ ಬಂದದ್ದು 2003ರಲ್ಲಿ.

ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಸಂಸ್ಥೆ 2011ರಲ್ಲಿ ಕೊಟ್ಟ ವರದಿಯ ಪ್ರಕಾರ ಬ್ರಿಟನ್ 232ರ ಬದಲು 160 ವಿಮಾನಗಳನ್ನಷ್ಟೇ ಕೊಳ್ಳುತ್ತಿತ್ತು. ಹಾಗಿದ್ದೂ ಅಭಿವೃದ್ಧಿ ಮತ್ತು ಉತ್ಪಾದನೆಯ ವೆಚ್ಚ 2,020 ಕೋಟಿ ಪೌಂಡ್‌ಗೆ ಮುಟ್ಟಿತ್ತು, ಮೊದಲ ಅಂದಾಜಿಗಿಂತ 350 ಕೋಟಿ ಹೆಚ್ಚು. ಒಂದೊಂದು ವಿಮಾನದ ಬೆಲೆ ಶೇ 75ರಷ್ಟು ಏರಿದಂತಾಯಿತು. ನಾಲ್ಕೂ ದೇಶಗಳು ಒಮ್ಮತಕ್ಕೆ ಬರಬೇಕೆಂಬ ಏರ್ಪಾಡಿನಿಂದ ತೀರ್ಮಾನಗಳು ತಡವಾದದ್ದನ್ನೂ ವರದಿ ಎತ್ತಿ ಹೇಳಿತು. ಹೊಸ ಆಯುಧವೊಂದನ್ನು ಜೋಡಿಸಬೇಕಾದರೂ ನಾಲ್ಕು ರಾಜಧಾನಿಗಳ ಒಪ್ಪಿಗೆ ಬೇಕಿತ್ತು.

ಟೈಫೂನ್ ಕೆಟ್ಟ ವಿಮಾನವಲ್ಲ, ಇಂದು ಯುರೋಪಿನ ವಾಯುರಕ್ಷಣೆಯ ಬೆನ್ನೆಲುಬು ಅದೇ. ಅದಕ್ಕೂ ಹಿಂದೆ ಬ್ರಿಟನ್, ಜರ್ಮನಿ, ಇಟಲಿ ಸೇರಿ ಕಟ್ಟಿದ ಟೊರ್ನಾಡೊ ಸುಮಾರು ಸಾವಿರದ ಲೆಕ್ಕದಲ್ಲಿ ತಯಾರಾಗಿ ದಶಕಗಳ ಕಾಲ ದುಡಿಯಿತು. ಅದರ ಪೈಲಟ್‌ಗಳು ಮೂರೂ ದೇಶಗಳಿಂದ ಬಂದು ಬ್ರಿಟನ್ನಿನ ಕಾಟ್ಸ್‌ಮೋರ್ ನೆಲೆಯಲ್ಲಿ ಒಟ್ಟಿಗೇ ತರಬೇತಿ ಪಡೆಯುತ್ತಿದ್ದರು. ಟೊರ್ನಾಡೊ ಕಾಲದಲ್ಲಿ ಮೂವರಿಗೂ ಇದ್ದ ಭಯ ಒಂದೇ. ತಗ್ಗಿನಲ್ಲಿ ಹಾರಿ ಸೋವಿಯತ್ ರಾಡಾರಿನ ಕಣ್ಣು ತಪ್ಪಿಸಿ ಒಳನುಗ್ಗಬೇಕಿತ್ತು. ಮಾಡಬೇಕಾದ ಕೆಲಸ ಒಂದೇ ಆಗಿದ್ದಾಗ ಸಹಕಾರ ಸಾಧ್ಯವಾಗುತ್ತದೆ ಎಂಬುದಕ್ಕೆ ನನಗೆ ಅದೇ ಸಾಕ್ಷಿ.

ಎಂಜಿನ್ ಆರಿಸಿದವರು ಯಾರು?

ಪಾಲುಪಟ್ಟಿ ಎಂಜಿನಿಯರಿಂಗಿನ ಮೇಲೆ ಸವಾರಿ ಮಾಡಿದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಎ400ಎಂ ಸಾಗಣೆ ವಿಮಾನದ ಕಥೆಯನ್ನು ಕೊಂಚ ವಿವರವಾಗಿ ನೋಡಬೇಕು. 2003ರ ಮೇ ತಿಂಗಳಲ್ಲಿ ಜರ್ಮನಿ, ಫ್ರಾನ್ಸ್, ಸ್ಪೇನ್, ಬ್ರಿಟನ್, ಟರ್ಕಿ, ಬೆಲ್ಜಿಯಂ, ಲಕ್ಸೆಂಬರ್ಗ್ ಸೇರಿ 180 ವಿಮಾನಗಳಿಗೆ ಸುಮಾರು 2,000 ಕೋಟಿ ಯೂರೊಗಳ ನಿಗದಿತ ಬೆಲೆಯ ಒಪ್ಪಂದಕ್ಕೆ ಸಹಿ ಹಾಕಿದವು. ಹೊಸ ವಿಮಾನ, ಹೊಸ ಎಂಜಿನ್. ಪ್ರಯಾಣಿಕ ವಿಮಾನದಂತೆ ನಾಗರಿಕ ಪ್ರಮಾಣಪತ್ರವನ್ನೂ ಪಡೆಯಬೇಕು. ಇಂಥದ್ದಕ್ಕೆ ಮೊದಲೇ ಬೆಲೆ ನಿಗದಿ ಮಾಡಿದ್ದೇ ಮೊದಲ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾರಿಗೂ ಗೊತ್ತಿರದ ಕೆಲಸಕ್ಕೆ ಗೊತ್ತಿರುವ ಬೆಲೆ ಕಟ್ಟಿದರೆ ವ್ಯತ್ಯಾಸವನ್ನು ಒಂದಲ್ಲ ಒಂದು ದಿನ ತೆರಿಗೆದಾರನೇ ತುಂಬಬೇಕು. ಹಾಗೆಯೇ ಆಯಿತು. ಮುಂದೆ ಪಾಲುದಾರ ಸರ್ಕಾರಗಳು ಯೋಜನೆಯನ್ನು ಉಳಿಸಲು 350 ಕೋಟಿ ಯೂರೊ ನೆರವು ಕೊಡಬೇಕಾಯಿತು.

ಎಂಜಿನ್‌ಗಾಗಿ ವಿಮಾನದ ತಯಾರಕ ಏರ್‌ಬಸ್ ಒಲವು ತೋರಿದ್ದು ಪ್ರ್ಯಾಟ್ ಅಂಡ್ ವಿಟ್ನಿ ಕೆನಡಾ ಕಂಪನಿಯ ಪ್ರಸ್ತಾವದತ್ತ. ಯುರೋಪಿನ ಸರ್ಕಾರಗಳು ಮಧ್ಯ ಪ್ರವೇಶಿಸಿದವು. ಯುರೋಪಿನ ವಿಮಾನಕ್ಕೆ ಯುರೋಪಿನದ್ದೇ ಎಂಜಿನ್ ಇರಬೇಕು ಎಂದಾಯಿತು. ಫ್ರಾನ್ಸಿನ ಸ್ನೆಕ್ಮಾ, ಬ್ರಿಟನ್ನಿನ ರೋಲ್ಸ್‌ರಾಯ್ಸ್, ಜರ್ಮನಿಯ ಎಂಟಿಯು, ಸ್ಪೇನಿನ ಐಟಿಪಿ ಕೂಡಿದ ಹೊಸ ಬಳಗಕ್ಕೆ ಕೆಲಸ ಸಿಕ್ಕಿತು. ಹುಟ್ಟಿದ್ದು ಟಿಪಿ400 ಎಂಬ ಟರ್ಬೊಪ್ರಾಪ್. ಸುಮಾರು 11,000 ಅಶ್ವಶಕ್ತಿಯ ಈ ಎಂಜಿನ್ ಪಾಶ್ಚಾತ್ಯ ದೇಶಗಳು ಆವರೆಗೆ ಮಾಡಿದ್ದರಲ್ಲೇ ಅತಿ ಬಲಿಷ್ಠ ಟರ್ಬೊಪ್ರಾಪ್. ಅದನ್ನು ನಾಲ್ಕು ಕಂಪನಿಗಳ ನಡುವೆ ಹೋಳುಮಾಡಿ ಹಂಚಲಾಯಿತು. ಯೋಜನೆಯಿಂದ ಹೊರನಡೆದಿದ್ದ ಇಟಲಿಯ ಕಂಪನಿಯೊಂದು ಅದರ ಗೇರ್‌ಬಾಕ್ಸ್ ಮಾಡಿತು.

ಕೈಕೊಟ್ಟದ್ದು ಲೋಹದ ಭಾಗಗಳಿಗಿಂತ ಮೊದಲು ಎಂಜಿನ್ನನ್ನು ನಿಯಂತ್ರಿಸುವ ತಂತ್ರಾಂಶ. ಇಂಧನ ಎಷ್ಟು, ಪಂಖದ ಓರೆ ಎಷ್ಟು ಎಂದು ಕ್ಷಣಕ್ಷಣಕ್ಕೂ ತೀರ್ಮಾನಿಸುವ ಆ ತಂತ್ರಾಂಶಕ್ಕೆ ನಾಗರಿಕ ಪ್ರಮಾಣಪತ್ರ ಬೇಕೆಂದರೆ ಅದು ಸರಿಯಾಗಿ ಓಡಿದರಷ್ಟೇ ಸಾಲದು. ಪ್ರತಿಯೊಂದು ಸಾಲನ್ನೂ ಯಾವ ಅಗತ್ಯಕ್ಕೆ ಬರೆದದ್ದು, ಯಾವ ಪರೀಕ್ಷೆಯಲ್ಲಿ ಅದು ಪಾಸಾಯಿತು ಎಂದು ಕಾಗದದ ಮೇಲೆ ಎಳೆಎಳೆಯಾಗಿ ತೋರಿಸಬೇಕು. ಆ ದಾಖಲೆ ತೃಪ್ತಿಕರವಾಗಿರಲಿಲ್ಲ. ಮತ್ತೆ ಮೊದಲಿನಿಂದ ಕೂತು ಕೆಲಸ ಮಾಡಬೇಕಾಯಿತು. ವಿಮಾನ ಮೊದಲ ಸಲ ಹಾರಿದ್ದು 2009ರ ಡಿಸೆಂಬರ್ 11ರಂದು ಸ್ಪೇನಿನ ಸೆವಿಲ್ಯದಲ್ಲಿ, ಹೆಚ್ಚುಕಡಿಮೆ ಎರಡು ವರ್ಷ ತಡವಾಗಿ.

2015ರ ಮೇ 9ರಂದು ಅದೇ ಸೆವಿಲ್ಯದಲ್ಲಿ ಟರ್ಕಿಯ ವಾಯುಪಡೆಗೆಂದು ಸಿದ್ಧವಾಗಿದ್ದ ಹೊಚ್ಚಹೊಸ ವಿಮಾನವೊಂದು ತನ್ನ ಮೊದಲ ಪರೀಕ್ಷಾ ಹಾರಾಟದಲ್ಲೇ ಬಿದ್ದುಹೋಯಿತು. ಆರು ಜನರಲ್ಲಿ ನಾಲ್ವರು ತೀರಿಕೊಂಡರು. ನೆಲದ ಮೇಲೆ ತಂತ್ರಾಂಶ ತುಂಬುವಾಗ ಮೂರು ಎಂಜಿನ್‌ಗಳ ನಿಯಂತ್ರಣ ಪೆಟ್ಟಿಗೆಗಳಿಂದ ಒಂದು ಪುಟ್ಟ ಮಾಹಿತಿ ಅಳಿಸಿಹೋಗಿತ್ತು. ಎಂಜಿನ್ ಎಷ್ಟು ತಿರುಚುಬಲ ಕೊಡುತ್ತಿದೆ ಎಂಬುದನ್ನು ಅರ್ಥಮಾಡಿಕೊಳ್ಳಲು ಬೇಕಾದ ಅಳತೆಯ ಮಾಹಿತಿ ಅದು. ಅದಿಲ್ಲದೆ ನಿಯಂತ್ರಣ ಪೆಟ್ಟಿಗೆಗಳು ಎಂಜಿನ್ನನ್ನು ನಂಬದಾದವು. ವಿಮಾನ ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಮೂರು ಎಂಜಿನ್‌ಗಳು ಪೈಲಟ್‌ನ ಮಾತು ಕೇಳಲಿಲ್ಲ. ಈ ದುರಂತಕ್ಕೆ ಬಹುರಾಷ್ಟ್ರೀಯ ಹಂಚಿಕೆಯೇ ಕಾರಣ ಎಂದು ನಾನು ಹೇಳಲಾರೆ. ಆದರೆ ಒಬ್ಬರು ಬರೆದ ತಂತ್ರಾಂಶವನ್ನು ಇನ್ನೊಬ್ಬರ ಎಂಜಿನ್‌ಗೆ ಮತ್ತೊಬ್ಬರು ತುಂಬುವ ಏರ್ಪಾಡಿನಲ್ಲಿ, ಇದು ಅಳಿಸಿಹೋದರೆ ಎಚ್ಚರಿಸುವವರು ಯಾರು ಎಂಬ ಪ್ರಶ್ನೆಯನ್ನು ಕೈಬದಲಾಗುವ ಪ್ರತಿ ಹಂತದಲ್ಲೂ ಕೇಳಲೇಬೇಕು. ನಾಲ್ಕು ಮನೆಗಳು ಆ ಪ್ರಶ್ನೆಗೆ ಬೆಲೆ ತೆತ್ತವು.

ಕಟ್ಟಿದ ವಿಮಾನವನ್ನು ಮಾರುವಾಗ ಇನ್ನೊಂದು ಬಗೆಯ ತೊಡಕು ಎದುರಾಗುತ್ತದೆ. ಪಾಲುದಾರರಲ್ಲಿ ಯಾರೊಬ್ಬರು ಬೇಡವೆಂದರೂ ಮಾರಾಟ ನಿಂತುಹೋಗುತ್ತದೆ. ಪತ್ರಕರ್ತ ಜಮಾಲ್ ಖಶೋಗಿ ಅವರ ಹತ್ಯೆಯ ನಂತರ ಜರ್ಮನಿ ಸೌದಿ ಅರೇಬಿಯಾಕ್ಕೆ ಶಸ್ತ್ರ ರಫ್ತು ತಡೆಯಿತು, ಬ್ರಿಟನ್ ಮಾರಬೇಕೆಂದಿದ್ದ ಟೈಫೂನ್‌ಗಳು 2024ರ ಜನವರಿಯವರೆಗೂ ಸಿಕ್ಕಿಬಿದ್ದವು. ಜರ್ಮನಿಯ ನಿಲುವಿಗೆ ನೈತಿಕ ಬಲವಿತ್ತು, ಬ್ರಿಟನ್ನಿನ ಕೆಲಸಗಾರರ ಆತಂಕವೂ ಸುಳ್ಳಲ್ಲ. ಒಂದೇ ವಿಮಾನದ ಮೇಲೆ ಎರಡು ವಿದೇಶಾಂಗ ನೀತಿಗಳು ಕೂತಿದ್ದವು.

ಈ ಎಲ್ಲ ಜಂಜಾಟಕ್ಕೆ ಅಮೆರಿಕ ಕಂಡುಕೊಂಡ ಪರಿಹಾರ ಎಫ್-35. ಎಂಟು ದೇಶಗಳು ಹಣ ಹಾಕಿ ಜೊತೆಯಾದವು, ಆದರೆ ಕೊನೆಯ ಮಾತು ಅಮೆರಿಕದ್ದೇ. ಕೆಲಸದ ಪಾಲಿಗೆ ಖಾತರಿ ಇರಲಿಲ್ಲ, ಪೈಪೋಟಿ ನಡೆಸಿ ಗೆದ್ದವರಿಗೆ ಕೆಲಸ. ವಿಮಾನದ ತಂತ್ರಾಂಶದ ಒಳಗುಟ್ಟು ಅತ್ಯಂತ ಹತ್ತಿರದ ಗೆಳೆಯ ಬ್ರಿಟನ್ನಿಗೂ ಸುಲಭವಾಗಿ ಸಿಗಲಿಲ್ಲ. ಅದಕ್ಕಾಗಿ ಬ್ರಿಟನ್ 2006ರಲ್ಲಿ ಖರೀದಿಯನ್ನೇ ಕೈಬಿಡುವ ಮಾತಾಡಬೇಕಾಯಿತು. ರಷ್ಯಾದ ಎಸ್-400 ಕ್ಷಿಪಣಿ ವ್ಯವಸ್ಥೆ ಕೊಂಡ ಟರ್ಕಿಯನ್ನು 2019ರ ಜುಲೈನಲ್ಲಿ ಯೋಜನೆಯಿಂದಲೇ ಹೊರಹಾಕಲಾಯಿತು. ಅಲ್ಲಿನ ಕಂಪನಿಗಳು ಮಾಡುತ್ತಿದ್ದ ನೂರಾರು ಬಿಡಿಭಾಗಗಳಿಗೆ ಬೇರೆ ತಯಾರಕರನ್ನು ಹುಡುಕಲಾಯಿತು. ಯಜಮಾನ ಒಬ್ಬನೇ ಇದ್ದರೆ ತೀರ್ಮಾನ ಬೇಗ ಆಗುತ್ತದೆ, ಪಾಲುದಾರ ಬರೀ ಗಿರಾಕಿಯಾಗುತ್ತಾನೆ.

ಬೆಂಗಳೂರಿನ ಅನುಭವ

ಈ ಪಾಠಗಳನ್ನು ನಾವು ಯುರೋಪಿನಿಂದಲೇ ಕಲಿಯಬೇಕಿಲ್ಲ. ಬೆಂಗಳೂರಿನ ಎಚ್‌ಎಎಲ್ ಅಂಗಳದಲ್ಲಿ ಇವೆಲ್ಲ ನಡೆದುಹೋಗಿವೆ.

ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ನಮ್ಮ ಎಂಜಿನಿಯರುಗಳೊಂದಿಗೆ ಎಚ್‌ಎಫ್-24 ಮಾರುತ್ ವಿಮಾನ ರೂಪಿಸಿದರು. 1961ರ ಜೂನ್ 17ರಂದು ಅದು ಹಾರಿತು. ಶಬ್ದದ ವೇಗವನ್ನು ಸಲೀಸಾಗಿ ಮೀರಬೇಕೆಂದು ಮಾಡಿದ ಮೈಕಟ್ಟು ಅದರದು. ಅದಕ್ಕೆ ಬೇಕಿದ್ದ ಹೆಚ್ಚು ಬಲದ ಆರ್ಫಿಯಸ್ ಎಂಜಿನ್ ಬ್ರಿಟನ್ನಿನಲ್ಲಿ ಅರ್ಧಕ್ಕೇ ನಿಂತಿತು, ಮುಂದುವರಿಸಲು ಅಲ್ಲಿನ ಕಂಪನಿ ಕೇಳಿದ ಹಣವನ್ನು ಭಾರತ ಕೊಡಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಈಜಿಪ್ಟ್. ಕೈರೊ ಬಳಿಯ ಹೆಲ್ವಾನ್‌ನಲ್ಲಿ ಮೆಸ್ಸರ್‌ಶ್ಮಿಟ್ ವಿನ್ಯಾಸದ ಎಚ್‌ಎ-300 ಎಂಬ ವಿಮಾನವೂ, ಆಸ್ಟ್ರಿಯಾದ ಫರ್ಡಿನಾಂಡ್ ಬ್ರಾಂಡ್ನರ್ ನೇತೃತ್ವದಲ್ಲಿ ಇ-300 ಎಂಬ ಎಂಜಿನ್ನೂ ತಯಾರಾಗುತ್ತಿದ್ದವು. ಅವರಿಗೆ ಪರೀಕ್ಷಾ ಪೈಲಟ್ ಬೇಕಿತ್ತು, ನಮಗೆ ಎಂಜಿನ್ ಬೇಕಿತ್ತು. 1964ರ ಮಾರ್ಚ್ 7ರಂದು ಎಚ್‌ಎ-300 ವಿಮಾನವನ್ನು ಮೊದಲ ಸಲ ಹಾರಿಸಿದವರು ಭಾರತೀಯ ವಾಯುಪಡೆಯ ಕಪಿಲ್ ಭಾರ್ಗವ. ನಮ್ಮ ಒಂದು ಮಾರುತ್ ಈಜಿಪ್ಟಿಗೆ ಹೋಯಿತು. 1967ರ ಮಾರ್ಚ್‌ನಲ್ಲಿ ಒಂದು ಬದಿಗೆ ಆರ್ಫಿಯಸ್, ಇನ್ನೊಂದು ಬದಿಗೆ ಇ-300 ಎಂಜಿನ್ ಹೊತ್ತು ಹಾರಿತು.

ಎರಡು ಬಡ ದೇಶಗಳು ಕೂಡಿ ಮಹಾಶಕ್ತಿಗಳ ಹಂಗಿಲ್ಲದೆ ಶಬ್ದಾತೀತ ವಿಮಾನ ಕಟ್ಟುವ ಆ ಪ್ರಯತ್ನವನ್ನು ನೆನೆದರೆ ಇಂದಿಗೂ ಮನಸ್ಸು ತುಂಬಿಬರುತ್ತದೆ. ಅದೇ ವರ್ಷದ ಜೂನ್‌ನಲ್ಲಿ ಇಸ್ರೇಲ್ ಜೊತೆಗಿನ ಯುದ್ಧ ಈಜಿಪ್ಟನ್ನು ಜರ್ಜರಗೊಳಿಸಿತು. 1969ರಲ್ಲಿ ಅದು ಯೋಜನೆಯನ್ನೇ ಕೈಬಿಟ್ಟಿತು. ಎಂಜಿನ್ ಅವರದಾಗಿತ್ತು, ಹಾಗಾಗಿ ನಮ್ಮ ಆಸೆಯೂ ಅಲ್ಲಿಗೇ ಮುಗಿಯಿತು. 147 ಮಾರುತ್‌ಗಳು ತಯಾರಾದವು, 1971ರ ಯುದ್ಧದಲ್ಲಿ ದುಡಿದವು, ತಕ್ಕ ಎಂಜಿನ್ ಮಾತ್ರ ಅವುಗಳಿಗೆ ಎಂದೂ ಸಿಗಲಿಲ್ಲ.

ಬೆಂಗಳೂರಿನಲ್ಲೇ ನೂರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಜಾಗ್ವಾರ್ ಬ್ರಿಟನ್ ಮತ್ತು ಫ್ರಾನ್ಸ್ 1966ರಿಂದ ಜೊತೆಗೂಡಿ ಕಟ್ಟಿದ ವಿಮಾನ. ಫ್ರಾನ್ಸಿನ ಕಡೆಯ ಪಾಲುದಾರ ಬ್ರೆಗೆ ಕಂಪನಿಯನ್ನು ಆಮೇಲೆ ಡಸೋ ನುಂಗಿಕೊಂಡಿತು. ಆದ್ದರಿಂದ 1970ರ ದಶಕದಲ್ಲಿ ಭಾರತ ದಾಳಿ ವಿಮಾನಕ್ಕಾಗಿ ಹುಡುಕಾಡುತ್ತಿದ್ದಾಗ ಜಾಗ್ವಾರ್‌ನ ಎದುರು ನಿಂತಿದ್ದ ಮಿರಾಜ್ ಎಫ್1, ಜಾಗ್ವಾರ್‌ನ ಪಾಲುದಾರನದ್ದೇ ವಿಮಾನವಾಗಿತ್ತು. ಮೂರನೆಯ ಸ್ಪರ್ಧಿ ಸ್ವೀಡನ್ನಿನ ವಿಗ್ಗೆನ್‌ನ ಎಂಜಿನ್ ಅಮೆರಿಕದ ಮೂಲದ್ದು, ಅಮೆರಿಕ ಬೇಡವೆಂದದ್ದರಿಂದ ಅದು ಕಣದಿಂದಲೇ ಹೊರಬಿತ್ತು. ಫ್ರಾನ್ಸ್ 2005ರಲ್ಲಿ, ಬ್ರಿಟನ್ 2007ರಲ್ಲಿ ತಮ್ಮ ಜಾಗ್ವಾರ್‌ಗಳಿಗೆ ವಿದಾಯ ಹೇಳಿದವು. ಹಾರಿಸುತ್ತಿರುವವರು ಇಂದು ನಾವೊಬ್ಬರೇ. ಫ್ರಾನ್ಸ್, ಒಮಾನ್ ದೇಶಗಳಲ್ಲಿ ನಿವೃತ್ತವಾದ ಜಾಗ್ವಾರ್‌ಗಳ ಬಿಡಿಭಾಗಗಳನ್ನು ತರಿಸಿ ಬಳಸುವ ಸ್ಥಿತಿ ಬಂದಿದೆ. ಹಾಗಿದ್ದೂ ಅದರ ರಾಡಾರ್, ದಿಕ್ಸೂಚಿ, ಕಾಕ್‌ಪಿಟ್‌ಗಳನ್ನು ನಮ್ಮವರೇ ಹೊಸದಾಗಿಸಿ ಜೀವ ಉಳಿಸಿದ್ದಾರೆ. ಕಲಿತದ್ದು ಕೈಬಿಟ್ಟಿಲ್ಲ.

1998ರ ಪೋಖರಣ್ ಅಣುಪರೀಕ್ಷೆಯ ಹೊತ್ತಿಗೆ ತೇಜಸ್ ವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಯ ಮೇಲೆ ನಮ್ಮ ಎಂಜಿನಿಯರುಗಳು ಅಮೆರಿಕದಲ್ಲಿ ಲಾಕ್‌ಹೀಡ್ ಮಾರ್ಟಿನ್ ಜೊತೆ ಕೆಲಸ ಮಾಡುತ್ತಿದ್ದರು. ನಿರ್ಬಂಧ ಬಿತ್ತು, ಹೊರಡಿ ಎಂದರು, ಉಪಕರಣಗಳು ಅಲ್ಲೇ ಉಳಿದವು. ಬೆಂಗಳೂರಿನ ವೈಮಾನಿಕ ಸಂಸ್ಥೆಗಳಾದ ಎಡಿಎ, ಎಡಿಇ, ಎನ್‌ಎಎಲ್‌ಗಳ ತಂಡಗಳು ಬಾಕಿ ಕೆಲಸವನ್ನು ಇಲ್ಲೇ ಮುಗಿಸಿದವು. 2001ರ ಜನವರಿ 4ರಂದು ತೇಜಸ್ ಹಾರಿದಾಗ ಅದನ್ನು ಗಾಳಿಯಲ್ಲಿ ಹಿಡಿದಿಟ್ಟ ನಿಯಂತ್ರಣ ಸೂತ್ರಗಳು ನಮ್ಮವೇ ಆಗಿದ್ದವು. ಅಷ್ಟು ಹೊತ್ತಿಗೆ ಆ ವಿದ್ಯೆಯ ತಿರುಳು ನಮ್ಮ ಕೈಯಲ್ಲಿತ್ತು, ಅದಕ್ಕೇ ಬದುಕಿಕೊಂಡೆವು.

ತಿರುಳು ಕೈಯಲ್ಲಿಲ್ಲದಾಗ ಏನಾಗುತ್ತದೆ ಎಂಬುದನ್ನು ರಷ್ಯಾ ಜೊತೆಗಿನ ಐದನೇ ಪೀಳಿಗೆಯ ವಿಮಾನದ ಯೋಜನೆ ತೋರಿಸಿತು. 2007ರಲ್ಲಿ ಸರ್ಕಾರಗಳ ಒಪ್ಪಂದವಾಯಿತು. ಎಚ್‌ಎಎಲ್ ಮತ್ತು ಸುಖೋಯ್ ನಡುವೆ ಪ್ರಾಥಮಿಕ ವಿನ್ಯಾಸಕ್ಕಾಗಿ 29.5 ಕೋಟಿ ಡಾಲರ್ ಗುತ್ತಿಗೆಗೆ ಸಹಿ ಬಿದ್ದದ್ದು 2010ರ ಡಿಸೆಂಬರ್‌ನಲ್ಲಿ. ಆದರೆ ರಷ್ಯಾದ ಮೂಲ ವಿಮಾನ ಅದೇ ವರ್ಷದ ಜನವರಿ 29ರಂದೇ ಹಾರಿಯಾಗಿತ್ತು! ಹಾರುತ್ತಿರುವ ವಿಮಾನದ 'ಜಂಟಿ ವಿನ್ಯಾಸ'ದಲ್ಲಿ ನಂತರ ಬಂದವನಿಗೆ ಉಳಿಯುವ ಪಾಲೆಷ್ಟು? ಎಂಜಿನ್, ರಾಡಾರಿಗೆ ಕಾಣದಿರುವ ಗುಣ, ವೆಚ್ಚ ಎಲ್ಲದರ ಬಗ್ಗೆಯೂ ನಮ್ಮ ವಾಯುಪಡೆಗೆ ಅಸಮಾಧಾನವಿತ್ತು. 2018ರ ಹೊತ್ತಿಗೆ ಭಾರತ ಹಿಂದೆ ಸರಿಯಿತು. ರಷ್ಯಾ ಜೊತೆಗೇ ಆರಂಭಿಸಿದ್ದ ಸಾಗಣೆ ವಿಮಾನದ ಯೋಜನೆಯೂ ಎಂಜಿನ್ ವಿಚಾರದಲ್ಲಿ ಎಡವಿ ಹಳ್ಳ ಹಿಡಿದಿತ್ತು.

ಯುರೋಪಿನಲ್ಲಿ ಈಗ ಮತ್ತೊಂದು ಸುತ್ತು ನಡೆದಿದೆ. 2017ರಲ್ಲಿ ಫ್ರಾನ್ಸ್ ಮತ್ತು ಜರ್ಮನಿ ಘೋಷಿಸಿದ, ಆಮೇಲೆ ಸ್ಪೇನ್ ಸೇರಿದ ಮುಂದಿನ ಪೀಳಿಗೆಯ ಯೋಜನೆಯಲ್ಲಿ ಡಸೋ ಮತ್ತು ಏರ್‌ಬಸ್ ನಡುವೆ ಯಜಮಾನಿಕೆಗಾಗಿ ಜಗಳ. ಫ್ರಾನ್ಸಿಗೆ ಮತ್ತೆ ನೌಕೆಯ ಮೇಲಿಳಿಯುವ ವಿಮಾನ ಬೇಕು, ಜರ್ಮನಿಗೆ ಮತ್ತೆ ಅದು ಬೇಡ. 2025 ಮುಗಿದರೂ ಪ್ರಾಯೋಗಿಕ ವಿಮಾನ ಕಟ್ಟುವ ಹಂತಕ್ಕೆ ಸಹಿ ಬೀಳಲಿಲ್ಲ. ಇತ್ತ ಬ್ರಿಟನ್, ಇಟಲಿ, ಜಪಾನ್ 2035ಕ್ಕೆ ಗುರಿಯಿಟ್ಟು ಇನ್ನೊಂದು ವಿಮಾನಕ್ಕೆ ಕೈಹಾಕಿವೆ. ಮೂರೂ ಕಡೆಯವರಿಗೆ ಸಮಪಾಲಿರುವ ಒಂದೇ ಕಂಪನಿ ಕಟ್ಟಿಕೊಂಡಿವೆ, ಅದಕ್ಕಾಗಿ ಜಪಾನ್ ತನ್ನ ಕಟ್ಟುನಿಟ್ಟಿನ ಶಸ್ತ್ರ ರಫ್ತು ನಿಯಮವನ್ನೂ ಸಡಿಲಿಸಿದೆ. ನನಗೆ ಇವರ ಮೇಲೆ ಹೆಚ್ಚು ಭರವಸೆ. ಆದರೂ ಬ್ರಿಟನ್ ತಂತ್ರಜ್ಞಾನವನ್ನು ಪೂರ್ತಿ ಹಂಚಿಕೊಳ್ಳುತ್ತಿಲ್ಲವೆಂದು ಇಟಲಿಯ ರಕ್ಷಣಾ ಸಚಿವರು 2025ರಲ್ಲಿ ಬಹಿರಂಗವಾಗಿಯೇ ದೂರಿದರು.

ನಮ್ಮ ಮುಂದಿನ ಯುದ್ಧವಿಮಾನ ಎಎಂಸಿಎಗೆ ಫ್ರಾನ್ಸಿನ ಸಫ್ರಾನ್ ಕಂಪನಿಯ ಜೊತೆ ಸೇರಿ ಭಾರತದಲ್ಲೇ ಎಂಜಿನ್ ರೂಪಿಸುವತ್ತ ಹೆಜ್ಜೆ ಇಡುತ್ತಿದ್ದೇವೆ ಎಂದು ರಕ್ಷಣಾ ಸಚಿವ ರಾಜನಾಥ್ ಸಿಂಗ್ 2025ರ ಆಗಸ್ಟ್‌ನಲ್ಲಿ ಹೇಳಿದರು. ನಮ್ಮ ಕಡೆಯಿಂದ ಕೆಲಸ ಮಾಡುವುದು ಬೆಂಗಳೂರಿನ ಎಂಜಿನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇ. ಇಂದಿನ ಸಫ್ರಾನ್ ಎಂದರೆ ಅಂದಿನ ಸ್ನೆಕ್ಮಾ. ಯಾವ ಎಂ88 ಎಂಜಿನ್‌ಗಾಗಿ ಫ್ರಾನ್ಸ್ 1985ರಲ್ಲಿ ನಾಲ್ಕು ದೇಶಗಳ ಸಹವಾಸ ಬಿಟ್ಟಿತೋ ಅದೇ ಎಂಜಿನ್ ಕಟ್ಟಿದವರು ಇಂದು ನಮ್ಮೆದುರು ಕಲಿಸುವವರ ಜಾಗದಲ್ಲಿ ಕೂತಿದ್ದಾರೆ. ಅಂದು ಫ್ರಾನ್ಸ್ ತೆತ್ತ ಬೆಲೆ ದೊಡ್ಡದು, ಬದಲಿಗೆ ಅದಕ್ಕೆ ದಕ್ಕಿದ್ದು ಈ ಜಾಗ.

ಆದ್ದರಿಂದ ಈ ಒಪ್ಪಂದದಲ್ಲಿ ಶೇಕಡಾವಾರು ತಂತ್ರಜ್ಞಾನ ವರ್ಗಾವಣೆಯ ಅಂಕಿಗಿಂತ ಕೆಲವು ನಿರ್ದಿಷ್ಟ ಸಂಗತಿಗಳನ್ನು ನಾವು ನೋಡಬೇಕು. ಎಂಜಿನ್ನಿನ ಅತಿ ಬಿಸಿ ಭಾಗದಲ್ಲಿ, ಲೋಹವೇ ಕರಗುವಂಥ ಗಾಳಿಯ ನಡುವೆ ತಿರುಗುವ, ಒಂದೇ ಹರಳಾಗಿ ಎರಕ ಹೊಯ್ದ ಟರ್ಬೈನ್ ಅಲಗುಗಳನ್ನು ವಿನ್ಯಾಸ ಮಾಡುವವರು ಯಾರು? ಮುಂದೆ ಎಂಜಿನ್ ಬದಲಿಸುವ, ಬೇರೆಯವರಿಗೆ ಮಾರುವ ಹಕ್ಕು ಯಾರದು? ನಿಯಂತ್ರಣ ತಂತ್ರಾಂಶದ ಮೂಲ ಯಾರ ಬಳಿ ಇರುತ್ತದೆ? ಇವಕ್ಕೆಲ್ಲ ಉತ್ತರ ನಮ್ಮ ಪರವಾಗಿಯೇ ಬಂದರೂ ಒಂದು ಕೊರತೆ ಉಳಿಯುತ್ತದೆ. 2010ರ ನವೆಂಬರ್‌ನಲ್ಲಿ ನಾವೇ ರೂಪಿಸಿದ ಕಾವೇರಿ ಎಂಜಿನ್ ಮೊದಲ ಸಲ ಆಗಸಕ್ಕೇರಿದ್ದು ಮಾಸ್ಕೊ ಬಳಿ, ರಷ್ಯಾದ ಇಲ್ಯೂಷಿನ್-76 ವಿಮಾನಕ್ಕೆ ಕಟ್ಟಿಕೊಂಡು. ಎತ್ತರದ ತೆಳುಗಾಳಿಯನ್ನು ನೆಲದ ಮೇಲೇ ಸೃಷ್ಟಿಸಿ ಎಂಜಿನ್ ಓಡಿಸಿ ನೋಡುವ ಕೋಣೆಗಾಗಿಯೂ ಅದು ರಷ್ಯಾಕ್ಕೇ ಹೋಗಬೇಕಾಯಿತು. ಪ್ರತಿ ಪರೀಕ್ಷೆಗೂ ಎಂಜಿನ್ ಹಡಗು ಹತ್ತಿದರೆ, ಒಂದು ಬಿರುಕು ಕಂಡು ತಿದ್ದಿ ಮತ್ತೆ ಓಡಿಸಿ ನೋಡಲು ತಿಂಗಳುಗಳು ಬೇಕು, ಪರೀಕ್ಷೆಯ ದಿನ ನಿಗದಿ ಮಾಡುವವರೂ ಬೇರೆಯವರೇ. ಸುಮಾರು 120 ಕಿಲೊನ್ಯೂಟನ್ ಒತ್ತುಬಲದ ಹೊಸ ಎಂಜಿನ್ನಿನ ಮೊದಲ ಮಾದರಿ ಸಿದ್ಧವಾಗುವ ಮೊದಲು ಆ ಪರೀಕ್ಷಾ ಕೋಣೆಯೂ, ಎಂಜಿನ್ ಕಟ್ಟಿ ಹಾರಿಸಿ ನೋಡುವ ಒಂದು ವಿಮಾನವೂ ನಮ್ಮ ನೆಲದಲ್ಲಿರಬೇಕು. ಅದಕ್ಕೆ ಫ್ರಾನ್ಸಿನ ಸಹಿ ಬೇಕಿಲ್ಲ. ಜಾಗ, ಹಣ, ತೀರ್ಮಾನ ಮೂರನ್ನೂ ದೆಹಲಿಯೇ ಈ ವರ್ಷವೇ ಕೊಡಬಹುದು.